ಸಿದ್ಧ ಪ್ರತಿಕಾಯವೋ, ಲಸಿಕೆಯೋ, ಎರಡೂ ಬೇಕೋ?

ನಾಯಿ ಕಚ್ಚಿ ಬಂದವರ ತೋಳಿಗೊಂದು ಸೂಜಿ ಹಾಕಿ, ಇನ್ನೊಂದು ಸಿರಿಂಜ್ ಹಿಡಿದು ಗಾಯದ ಕಡೆ ತಿರುಗಿದರೆ ಆ ಪ್ರಶ್ನೆ ಬಂದೇ ಬರುತ್ತದೆ: "ತೋಳಿಗೆ ಹಾಕಿದ್ರಲ್ಲ ಸಿಸ್ಟರ್, ಮತ್ತೆ ಗಾಯದೊಳಗೂ ಯಾಕೆ? ಒಂದು ಸಾಲಲ್ವಾ?"

ಇಂಜೆಕ್ಷನ್ ಕೋಣೆಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೊರಗೆ ಜನ ಕಾಯುತ್ತಿರುವಾಗ ಎರಡು ಮಾತಿನಲ್ಲಿ ಹೇಳಿ ಮುಗಿಸಬೇಕಾಗುತ್ತದೆ. ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ, ಏಕೆಂದರೆ ಇದು ನಾಯಿ ಕಡಿತಕ್ಕೆ ಮಾತ್ರ ಸೇರಿದ ವಿಷಯವಲ್ಲ. ಧನುರ್ವಾಯು, ದಡಾರ, ಹೆಪಟೈಟಿಸ್ ಬಿ, ಹಾವಿನ ಕಡಿತ, ಹಸುಗೂಸಿನ ಎದೆಯ ಸೋಂಕು, ಎಲ್ಲ ಕಡೆಯೂ ಆಯ್ಕೆ ಇದೇ: ತಯಾರಾದ ಪ್ರತಿಕಾಯವನ್ನೇ ಕೊಡುವುದೋ, ಪ್ರತಿಕಾಯ ತಯಾರಿಸುವುದನ್ನು ಮೈಗೆ ಕಲಿಸುವ ಲಸಿಕೆ ಕೊಡುವುದೋ, ಎರಡೂ ಒಟ್ಟಿಗೋ. ಒಂದು ಕಾಯಿಲೆಯಲ್ಲಿ ಎರಡೂ ಒಟ್ಟಿಗೆ ಬೇಕೇ ಬೇಕು. ಇನ್ನೊಂದರಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ವ್ಯರ್ಥ. ಕಾರಣ ಗೊತ್ತಾದರೆ ಯಾವುದು ಯಾಕೆ ಎಂಬುದು ತಾನಾಗಿ ತಿಳಿಯುತ್ತದೆ.

ಪ್ರತಿಕಾಯ ಏನು ಮಾಡೀತು, ಏನು ಮಾಡಲಾರದು

ಪ್ರತಿಕಾಯ, ಅಂದರೆ ಆಂಟಿಬಾಡಿ, ಒಂದು ಪ್ರೋಟೀನ್. ಕವಣೆಯ ಕವಲುಕೋಲಿನ ಆಕಾರ. ಮೇಲಿನ ಎರಡು ಕವಲುಗಳ ತುದಿ ರೋಗಾಣುವಿನ ಒಂದು ನಿರ್ದಿಷ್ಟ ಜಾಗವನ್ನು ಮಾತ್ರ ಹಿಡಿಯುತ್ತದೆ. ಕೆಳಗಿನ ಹಿಡಿ ಉಳಿದ ರಕ್ಷಣಾ ವ್ಯವಸ್ಥೆಯನ್ನು ಕರೆಯುತ್ತದೆ. ವೈರಸ್ಸಿನ ಮೈಗೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗದಂತೆ ಮಾಡುವುದು ಒಂದು ಕೆಲಸ. ರೋಗಾಣುವಿಗೆ ಗುರುತು ಹಚ್ಚಿ, ನುಂಗುವ ಬಿಳಿ ರಕ್ತಕಣಗಳಿಗೆ ತೋರಿಸುವುದು ಇನ್ನೊಂದು. ರಕ್ತದಲ್ಲೇ ಇರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿಯನ್ನು ಎಬ್ಬಿಸಿ ಬ್ಯಾಕ್ಟೀರಿಯಾದ ಪೊರೆಗೆ ತೂತು ಕೊರೆಸುವುದು ಮತ್ತೊಂದು. ವಿಷದ ಕಣ ಸಿಕ್ಕರೆ ಅದನ್ನು ಅಪ್ಪಿ ನಿಷ್ಕ್ರಿಯ ಮಾಡುತ್ತದೆ.

ಆದರೆ ಅದು ದೊಡ್ಡ ಅಣು. ಜೀವಕೋಶದ ಒಳಗೆ ಸೇರಿಕೊಂಡ ವೈರಸ್ಸನ್ನೂ ನರದೊಳಗೆ ಇಳಿದುಹೋದ ವಿಷವನ್ನೂ ಅದು ಮುಟ್ಟಲಾರದು. ಈ ಲೇಖನದಲ್ಲಿ ಮುಂದೆ ಬರುವ "ಇಷ್ಟು ಗಂಟೆಯೊಳಗೆ", "ಇಷ್ಟು ದಿನದೊಳಗೆ" ಎಂಬ ಮಾತುಗಳೆಲ್ಲ ಹುಟ್ಟುವುದು ಈ ಒಂದು ಮಿತಿಯಿಂದ.

ಇನ್ನು ಸಮಯದ ಲೆಕ್ಕ. ಹೊಸ ರೋಗಾಣು ಬಂದಾಗ ಅದಕ್ಕೆ ಹೊಂದುವ ಬಿ ಕಣ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣ) ಸಿಕ್ಕಿ, ದುಪ್ಪಟ್ಟಾಗುತ್ತ ಹೋಗಿ, ಸಾಕಷ್ಟು ಪ್ರತಿಕಾಯ ರಕ್ತಕ್ಕೆ ಬಿಡಲು ಒಂದೆರಡು ವಾರ ಬೇಕು. ಮೊದಲು ಐಜಿಎಂ ಎಂಬ ಬಗೆಯ ಪ್ರತಿಕಾಯ ಬರುತ್ತದೆ, ಅದರ ಹಿಂದೆ ಹೆಚ್ಚು ಬಿಗಿಯಾಗಿ ಹಿಡಿಯುವ ಐಜಿಜಿ ಎಂಬ ಬಗೆ. ಅದೇ ರೋಗಾಣು ಎರಡನೇ ಸಲ ಬಂದರೆ ಕೆಲವೇ ದಿನ ಸಾಕು, ಏಕೆಂದರೆ ನೆನಪಿನ ಕಣಗಳು ಕಾದಿರುತ್ತವೆ. ಆ ನೆನಪು ಎಷ್ಟು ಗಟ್ಟಿ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ ಫಾರೋ ದ್ವೀಪಗಳದ್ದು. 1846ರಲ್ಲಿ ಅಲ್ಲಿ ದಡಾರ ಹಬ್ಬಿ, ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಜನ ಮಲಗಿದರು. ಅದನ್ನು ಅಧ್ಯಯನ ಮಾಡಲು ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಗಮನಿಸಿದ್ದು ಮುದುಕರನ್ನು. 1781ರಲ್ಲಿ ಚಿಕ್ಕವರಿದ್ದಾಗ ದಡಾರ ಬಂದಿದ್ದ ಒಬ್ಬರಿಗೂ 65 ವರ್ಷದ ನಂತರ ಮತ್ತೆ ಬರಲಿಲ್ಲ. ನಡುವೆ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲ.

ಹೊರಗಿನಿಂದ ಬಂದ ಪ್ರತಿಕಾಯಕ್ಕೆ ಈ ನೆನಪು ಇಲ್ಲ. ಅದು ಚುಚ್ಚಿದ ಕ್ಷಣದಿಂದ ಕೆಲಸಕ್ಕೆ ಸಿದ್ಧ. ಆದರೆ ಮನುಷ್ಯರ ಐಜಿಜಿ ಮೂರು ವಾರಕ್ಕೆ ಅರ್ಧವಾಗುತ್ತದೆ, ಇನ್ನು ಮೂರು ವಾರಕ್ಕೆ ಅದರಲ್ಲೂ ಅರ್ಧ. ಖರ್ಚಾದದ್ದನ್ನು ತುಂಬಿಸುವವರು ಯಾರೂ ಇಲ್ಲ. ಸಿದ್ಧ ಪ್ರತಿಕಾಯವನ್ನು ಎರವಲು ಎಂದುಕೊಳ್ಳಿ, ಲಸಿಕೆಯನ್ನು ಸ್ವಂತ ದುಡಿಮೆ ಎಂದುಕೊಳ್ಳಿ. ಯಾವುದು ಬೇಕೆಂದು ನಿರ್ಧರಿಸುವ ಮೊದಲು ವೈದ್ಯರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳು ಮೂರು: ಕೈಯಲ್ಲಿ ಎಷ್ಟು ಸಮಯವಿದೆ? ಈ ಮೈಗೆ ಹಳೆಯ ನೆನಪು ಇದೆಯೇ? ಈ ಮೈ ಪ್ರತಿಕಾಯ ತಯಾರಿಸಬಲ್ಲದೇ?

ರೇಬೀಸ್: ಎರಡೂ, ಅದೂ ಒಂದೇ ದಿನ

ಕಚ್ಚಿದ ಜಾಗದಲ್ಲಿ ಬಿದ್ದ ರೇಬೀಸ್ ವೈರಸ್ ಸ್ವಲ್ಪ ಹೊತ್ತು ಸ್ನಾಯುವಿನಲ್ಲೇ ಇರುತ್ತದೆ, ಆಮೇಲೆ ನರ ಹಿಡಿದು ಮಿದುಳಿನ ಕಡೆ ಹತ್ತುತ್ತದೆ. ನರ ಹೊಕ್ಕ ಮೇಲೆ ಪ್ರತಿಕಾಯದ ಕೈಗೆ ಸಿಗುವುದು ಕಷ್ಟ. ಕಾಯಿಲೆಯ ಲಕ್ಷಣ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಲಸಿಕೆ ಹಾಕಿದರೂ ಸ್ವಂತ ಪ್ರತಿಕಾಯ ಬರಲು ಒಂದು ವಾರಕ್ಕಿಂತ ಹೆಚ್ಚು ಬೇಕು. ಆ ವಾರದ ಕಂದಕಕ್ಕೆ ಹಾಕುವ ಸೇತುವೆಯೇ ಗಾಯದೊಳಗೆ ಚುಚ್ಚುವ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಔಷಧ. ಲಸಿಕೆ ತೋಳಿಗೆ ಸಾಕು, ಏಕೆಂದರೆ ಪಾಠ ಎಲ್ಲಿ ಕಲಿತರೂ ಪಾಠವೇ. ಪ್ರತಿಕಾಯ ಮಾತ್ರ ವೈರಸ್ ಇರುವಲ್ಲಿಗೇ ಹೋಗಬೇಕು.

ಚುಚ್ಚುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಸುಲಭದ ಕೆಲಸವಲ್ಲ ಎಂದು ಗೊತ್ತು. ಸಣ್ಣ ಸೂಜಿಯನ್ನು ಗಾಯದ ಅಂಚಿನಿಂದ ಇಳಿಸಿ, ಹಿಂದಕ್ಕೆ ಎಳೆಯುತ್ತ ಸ್ವಲ್ಪ ಸ್ವಲ್ಪ ಬಿಡಬೇಕು. ಔಷಧ ತುಂಬುತ್ತಿದ್ದಂತೆ ಚರ್ಮ ಉಬ್ಬಿ ಬಿಳಿಚುತ್ತದೆ. ಬೆರಳ ತುದಿಯ ಗಾಯ ಎಲ್ಲಕ್ಕಿಂತ ಕಷ್ಟ. ಅಲ್ಲಿ ಜಾಗವೇ ಇಲ್ಲ, ಒತ್ತಿ ತುಂಬಿದರೆ ರಕ್ತ ಓಡಾಡದೆ ಬೆರಳಿಗೇ ಅಪಾಯ. ಮಗುವಿನ ಮುಖದ ತುಂಬ ಗಾಯವಿದ್ದು, ತೂಕಕ್ಕೆ ತಕ್ಕ ಔಷಧ ಸಾಲದೆ ಬಂದರೆ ಸಲೈನ್ ಬೆರೆಸಿ ಎಲ್ಲ ಗಾಯಕ್ಕೂ ಹಂಚುತ್ತೇವೆ. ಪ್ರಮಾಣ ಹೆಚ್ಚಿಸುವಂತಿಲ್ಲ. ಮನುಷ್ಯರ ರಕ್ತದಿಂದ ತೆಗೆದದ್ದಾದರೆ ಕಿಲೋ ತೂಕಕ್ಕೆ 20 ಯೂನಿಟ್, ಕುದುರೆಯದಾದರೆ 40. ಅದಕ್ಕಿಂತ ಹೆಚ್ಚು ಎರವಲು ಸುರಿದರೆ ಲಸಿಕೆ ಕಲಿಸುವ ಪಾಠಕ್ಕೇ ಅಡ್ಡಿ. ಇದೇ ಕಾರಣಕ್ಕೆ ಮೊದಲ ಲಸಿಕೆಯಾಗಿ 7 ದಿನ ಕಳೆದರೆ ಇಮ್ಯುನೋಗ್ಲಾಬ್ಯುಲಿನ್ ಕೊಡುವುದಿಲ್ಲ. ಅಷ್ಟರಲ್ಲಿ ಸ್ವಂತ ದುಡಿಮೆ ಶುರುವಾಗಿರುತ್ತದೆ.

ಮುಂಚೆಯೇ ಪೂರ್ತಿ ಲಸಿಕೆ ಆದವರಿಗೆ ಮತ್ತೆ ಕಚ್ಚಿದರೆ? ಆಗ ಎರವಲೇ ಬೇಡ. ಮೊದಲ ದಿನ ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು ಲಸಿಕೆ ಸಾಕು, ನೆನಪಿನ ಕಣಗಳು ಏಳುತ್ತವೆ. ಆ ಹಳೆಯ ಲಸಿಕೆ ಚೀಟಿ ಕೈಯಲ್ಲಿದ್ದರೆ ಎಷ್ಟು ನೋವು ತಪ್ಪುತ್ತದೆ! ದಯವಿಟ್ಟು ಅದನ್ನು ಜೋಪಾನ ಮಾಡಿ.

ಇವೆಲ್ಲಕ್ಕಿಂತ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯುವುದು. ಇದಕ್ಕೆ ಯಾರನ್ನೂ ಕಾಯಬೇಕಿಲ್ಲ.

ದಡಾರ: ಎರಡರಲ್ಲಿ ಒಂದೇ

ರೇಬೀಸ್ ನೋಡಿ ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಲಸಿಕೆ ಆಗದ ಮಗುವಿರುವ ಮನೆಗೆ ದಡಾರ ಬಂತು ಎನ್ನಿ. ಸೋಂಕು ತಗುಲಿ 72 ಗಂಟೆಯೊಳಗಿದ್ದರೆ ಲಸಿಕೆ ಹಾಕಬಹುದು. ಲಸಿಕೆ ಕೊಡಲಾಗದವರಿಗೆ, ಅಥವಾ ಆ ಗಡುವು ದಾಟಿದ್ದರೆ, 6 ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ.

ಕಾರಣ ಲಸಿಕೆಯ ಜಾತಿಯಲ್ಲಿದೆ. ರೇಬೀಸ್ ಲಸಿಕೆಯಲ್ಲಿರುವುದು ಸತ್ತ ವೈರಸ್. ದಡಾರದ್ದು ಜೀವಂತ ಲಸಿಕೆ, ದುರ್ಬಲಗೊಳಿಸಿದ ವೈರಸ್ ಮೈಯಲ್ಲಿ ಸ್ವಲ್ಪ ಬೆಳೆದರೇ ಪಾಠ ಹತ್ತುವುದು. ಎರವಲು ಪ್ರತಿಕಾಯ ಅದನ್ನೂ ಹಿಡಿದು ಕೊಲ್ಲುತ್ತದೆ. ಹಾಗಾಗಿ ಇಮ್ಯುನೋಗ್ಲಾಬ್ಯುಲಿನ್ ಪಡೆದವರು ದಡಾರದ ಲಸಿಕೆಗೆ ಕನಿಷ್ಠ 6 ತಿಂಗಳು ಕಾಯಬೇಕು, ಎಷ್ಟು ಪಡೆದರು ಎಂಬುದರ ಮೇಲೆ ಇನ್ನೂ ಹೆಚ್ಚು. ಹಸುಗೂಸಿಗೆ ಹುಟ್ಟಿದ ಕೂಡಲೇ ದಡಾರದ ಲಸಿಕೆ ಹಾಕದಿರುವುದೂ ಇದೇ ಕಾರಣಕ್ಕೆ: ತಾಯಿಯಿಂದ ಬಂದ ಪ್ರತಿಕಾಯ ಕರಗುವವರೆಗೆ ಲಸಿಕೆ ಹತ್ತುವುದಿಲ್ಲ.

ದಡಾರ ಬಂದಿರದ, ಲಸಿಕೆಯೂ ಆಗಿರದ ಗರ್ಭಿಣಿಗೆ ಆಯ್ಕೆ ಒಂದೇ. ಜೀವಂತ ಲಸಿಕೆ ಕೊಡುವಂತಿಲ್ಲ, ಇಮ್ಯುನೋಗ್ಲಾಬ್ಯುಲಿನ್ನೇ ಗತಿ.

ಧನುರ್ವಾಯು: ಗಾಯ ನೋಡಿ, ಲೆಕ್ಕ ನೋಡಿ

ಏನೇ ಗಾಯವಾದರೂ "ಒಂದು ಟಿಟಿ ಹಾಕಿಬಿಡಿ" ಎನ್ನುವವರು ಬಹಳ. ಲಸಿಕೆಯೇ ಅವತ್ತಿನ ಗಾಯಕ್ಕೆ ಮದ್ದು ಎಂಬ ನಂಬಿಕೆ. ಚಿಕ್ಕಂದಿನಲ್ಲಿ ಲಸಿಕೆ ಪೂರ್ತಿಯಾದವರಿಗೆ ಆ ನಂಬಿಕೆ ಕೆಲಸ ಮಾಡುತ್ತದೆ, ಏಕೆಂದರೆ ಅದು ನೆನಪನ್ನು ಎಬ್ಬಿಸುತ್ತದೆ. ಜೀವನದಲ್ಲಿ ಒಂದೂ ಲಸಿಕೆ ಕಾಣದವರಿಗೆ ಅವತ್ತು ಹಾಕಿದ ಟಿಟಿ ಆ ಗಾಯವನ್ನು ಕಾಯುವುದಿಲ್ಲ.

ಮೂರು ಅಥವಾ ಹೆಚ್ಚು ಡೋಸ್ ಆದವರಿಗೆ ಸಣ್ಣ, ಚೊಕ್ಕ ಗಾಯವಾಗಿದ್ದು, ಕೊನೆಯ ಡೋಸಿಗೆ 10 ವರ್ಷ ತುಂಬಿಲ್ಲವಾದರೆ ಏನೂ ಬೇಡ. ಮಣ್ಣು, ಸಗಣಿ, ತುಕ್ಕು ಸೇರಿದ ಆಳದ ಗಾಯವಾದರೆ ಆ ಗಡುವು 5 ವರ್ಷಕ್ಕೆ ಇಳಿಯುತ್ತದೆ. ಲಸಿಕೆ ಪೂರ್ತಿಯಾಗದವರಿಗೆ, ಆಗಿದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಕೊಳಕು ಗಾಯವಾದರೆ ಲಸಿಕೆಯ ಜೊತೆ ಸಿದ್ಧ ಪ್ರತಿಕಾಯವೂ ಬೇಕು: ಸಾಮಾನ್ಯವಾಗಿ 250 ಯೂನಿಟ್, ಬೇರೆ ಸಿರಿಂಜ್, ಬೇರೆ ಜಾಗ.

ಧನುರ್ವಾಯು ಬಂದು ಬದುಕಿದವರಿಗೂ ಮತ್ತೆ ಬರಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ವಿಷ ಎಷ್ಟು ತೀಕ್ಷ್ಣವೆಂದರೆ ಜೀವ ತೆಗೆಯಲು ಸಾಕಾಗುವಷ್ಟು ಪ್ರಮಾಣ ಪ್ರತಿಕಾಯ ಹುಟ್ಟಿಸಲು ಸಾಲದು. ಕಾಯಿಲೆ ಕಲಿಸದ ಪಾಠವನ್ನು ಲಸಿಕೆಯೇ ಕಲಿಸಬೇಕು, ಗುಣವಾಗಿ ಮನೆಗೆ ಹೋಗುವವರಿಗೂ.

ಹಾವಿನ ಕಡಿತ: ಎರವಲೊಂದೇ ದಾರಿ

ಇಲ್ಲಿ ಹೋಲಿಸಲು ಎರಡನೆಯದು ಇಲ್ಲ. ವಿಷ ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ, ಮೈ ವಾರ ಕೇಳುತ್ತದೆ. 1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಶುರುಮಾಡಿದ ದಾರಿಯಲ್ಲೇ ಇಂದಿಗೂ ಪ್ರತಿವಿಷ ತಯಾರಾಗುತ್ತದೆ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಿಂದ ಪ್ರತಿಕಾಯ ತೆಗೆಯುತ್ತಾರೆ. ಪುಡಿಯಾಗಿ ಬರುವ ವಯಲ್‌ಗೆ ನೀರು ಬೆರೆಸಿ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಎಷ್ಟೇ ಆತುರವಿದ್ದರೂ ಕುಲುಕಬಾರದು, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ಮನೆಯವರು ಬಾಗಿಲಲ್ಲಿ ನಿಂತು "ಬೇಗ ಹಾಕಿ" ಎಂದು ಅಳುತ್ತಿರುವಾಗ ಆ ಸೀಸೆಯನ್ನು ನಿಧಾನಕ್ಕೆ ಹೊರಳಿಸುತ್ತ ಕೂರುವುದು ಈ ವೃತ್ತಿಯ ಕಷ್ಟದ ಗಳಿಗೆಗಳಲ್ಲೊಂದು.

ಮಗುವಿಗೆ ಅರ್ಧ ಪ್ರಮಾಣ ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಪ್ರತಿಕಾಯ ಕೊಡುವುದು ವಿಷದ ಅಳತೆಗೆ, ಮೈಯ ಅಳತೆಗಲ್ಲ.

ಎರವಲು ಯಾರಿಂದ? ಕುದುರೆ, ಮನುಷ್ಯ, ಪ್ರಯೋಗಾಲಯ

1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಾಸಾಟೊ ಶಿಬಾಸಾಬುರೊ ಒಂದು ಪ್ರಾಣಿಯ ರಕ್ತರಸದಲ್ಲಿರುವ ರಕ್ಷಣೆಯನ್ನು ಇನ್ನೊಂದಕ್ಕೆ ದಾಟಿಸಬಹುದೆಂದು ತೋರಿಸಿದ ಮೇಲೆ ಗಂಟಲಮಾರಿಯಿಂದ ಸಾಯುತ್ತಿದ್ದ ಮಕ್ಕಳಿಗೆ ಕುದುರೆಯ ರಕ್ತರಸ ಜೀವದಾನವಾಯಿತು. 1901ರ ಮೊದಲ ವೈದ್ಯಕೀಯ ನೊಬೆಲ್ ಬೇರಿಂಗ್‌ಗೆ ಸಿಕ್ಕಿದ್ದು ಇದಕ್ಕೇ. ಅದೇ 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗುಲಿತು. ಅದರ ರಕ್ತದಿಂದ ತೆಗೆದ ಔಷಧ ಪಡೆದ 13 ಮಕ್ಕಳು ಸತ್ತರು. ಮರುವರ್ಷವೇ ಅಲ್ಲಿ ಇಂಥ ಔಷಧಗಳನ್ನು ಪರೀಕ್ಷಿಸಿಯೇ ಮಾರಬೇಕೆಂಬ ಕಾನೂನು ಬಂತು. ಇಂದು ಪ್ರತಿ ಸೀಸೆಯ ಹಿಂದೆ ಇರುವ ಪರೀಕ್ಷೆಗಳ ಮೂಲದಲ್ಲಿ ಆ ಮಕ್ಕಳಿದ್ದಾರೆ.

ಕುದುರೆಯ ಪ್ರತಿಕಾಯ ನಮ್ಮ ಮೈಗೆ ಪರಕೀಯ. ಕೆಲವರಿಗೆ ತಕ್ಷಣ ತೀವ್ರ ಅಲರ್ಜಿಯಾಗಬಹುದು, ಅದಕ್ಕೇ ಅಡ್ರಿನಲಿನ್ ಪಕ್ಕದಲ್ಲೇ ತುಂಬಿಟ್ಟುಕೊಂಡಿರುತ್ತೇವೆ. ಇನ್ನು ಕೆಲವರಿಗೆ ಒಂದೆರಡು ವಾರದ ಮೇಲೆ ಜ್ವರ, ಕೀಲುನೋವು, ಮೈತುಂಬ ದದ್ದು. ಕುದುರೆಯ ಪ್ರತಿಕಾಯಕ್ಕೆ ಎದುರಾಗಿ ನಮ್ಮ ಮೈ ತಯಾರಿಸುವ ಪ್ರತಿಕಾಯದ ಫಲ ಅದು. ಮನುಷ್ಯರ ಪ್ರತಿಕಾಯದಲ್ಲಿ ಈ ತೊಂದರೆ ಬಹಳ ಕಡಿಮೆ, ಹೆಚ್ಚು ಕಾಲ ಬಾಳಿಕೆಯೂ ಬರುತ್ತದೆ. ಆದರೆ ಅದು ದಾನಿಗಳ ರಕ್ತವನ್ನೇ ನಂಬಿದೆ, ಯಾವಾಗಲೂ ಕೊರತೆ, ಬೆಲೆಯೂ ಹೆಚ್ಚು. ಮನುಷ್ಯರದ್ದು ಸಿಗಲಿಲ್ಲವೆಂದು ಕುದುರೆಯದನ್ನು ಬೇಡ ಎನ್ನುವವರನ್ನು ಕಂಡಿದ್ದೇನೆ. ಅದು ತಪ್ಪು ಆಯ್ಕೆ. ಇಂದಿನ ಕುದುರೆ ಔಷಧ ಚೆನ್ನಾಗಿ ಶುದ್ಧಿಯಾಗಿರುತ್ತದೆ. ಅಲರ್ಜಿಗೆ ಚಿಕಿತ್ಸೆಯಿದೆ, ರೇಬೀಸ್‌ಗೆ ಇಲ್ಲ.

ಮೂರನೆಯದು ಮೋನೋಕ್ಲೋನಲ್. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯವನ್ನು ಪಾತ್ರೆಯಲ್ಲಿ ಬೇಕಾದಷ್ಟು ಬೆಳೆಸುವ ವಿಧಾನ ಕಂಡುಹಿಡಿದರು. ಪ್ರಾಣಿಯೂ ಬೇಡ, ದಾನಿಯೂ ಬೇಡ, ಪ್ರತಿ ಸೀಸೆಯೂ ಒಂದೇ ಥರ. ಅದರ ಬಲವೇ ಅದರ ದೌರ್ಬಲ್ಯ: ಹಿಡಿಯುವುದು ಒಂದೇ ಜಾಗವನ್ನು. ಆ ಜಾಗ ಬದಲಾದರೆ ಹಿಡಿತ ಜಾರುತ್ತದೆ. ಕೋವಿಡ್‌ಗೆಂದು ತಯಾರಾದ ಮೋನೋಕ್ಲೋನಲ್‌ಗಳಲ್ಲಿ ಹೆಚ್ಚಿನವು ಒಮಿಕ್ರಾನ್ ತಳಿಗಳ ಮುಂದೆ ಕೈಚೆಲ್ಲಿದ್ದು ಹೀಗೆ. ಕುದುರೆಯ ಅಥವಾ ದಾನಿಯ ರಕ್ತರಸದಲ್ಲಿ ಒಂದೇ ವೈರಸ್ಸನ್ನು ಹತ್ತಾರು ಕಡೆ ಹಿಡಿಯುವ ಮಿಶ್ರಣವಿರುತ್ತದೆ.

ಹಸುಗೂಸು: ತಾಯಿಯ ಮೂಲಕವೋ, ನೇರವಾಗಿಯೋ

ಎರವಲು ಪ್ರತಿಕಾಯ ಮನುಷ್ಯರು ಕಂಡುಹಿಡಿದದ್ದಲ್ಲ. ಪ್ರತಿ ತಾಯಿಯೂ ಮಾಸಿನ ಮೂಲಕ ತನ್ನ ಐಜಿಜಿಯನ್ನು ಮಗುವಿಗೆ ದಾಟಿಸುತ್ತಾಳೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಸೋಂಕು ಬೇಗ ತಗುಲಲು ಇದೂ ಒಂದು ಕಾರಣ, ಬುತ್ತಿ ಕಟ್ಟಿ ಮುಗಿಯುವ ಮೊದಲೇ ಹೊರಟು ಬಂದಿರುತ್ತದೆ. ಎದೆಹಾಲಿನಲ್ಲಿರುವ ಐಜಿಎ ಎಂಬ ಬಗೆಯ ಪ್ರತಿಕಾಯ ರಕ್ತಕ್ಕೆ ಸೇರುವುದಿಲ್ಲ, ಮಗುವಿನ ಬಾಯಿಂದ ಕರುಳಿನವರೆಗೆ ಲೇಪವಾಗಿ ಕಾಯುತ್ತದೆ.

ಎಳೆಮಕ್ಕಳ ಉಸಿರಾಟಕ್ಕೆ ಕಂಟಕವಾಗುವ ಆರ್‌ಎಸ್‌ವಿ ವೈರಸ್ ವಿಷಯದಲ್ಲಿ ಈಗ ನಿಜವಾದ ಆಯ್ಕೆಯಿದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಲಸಿಕೆ ಹಾಕಿದರೆ ಆಕೆಯ ಪ್ರತಿಕಾಯ ಮಗುವಿಗೆ ಹೋಗುತ್ತದೆ. ಆದರೆ ಹೆರಿಗೆಗೆ ಕನಿಷ್ಠ 14 ದಿನ ಮೊದಲು ಹಾಕಿರಬೇಕು. ಇಲ್ಲವಾದರೆ ಹುಟ್ಟಿದ ಮಗುವಿಗೇ ನಿರ್ಸೆವಿಮ್ಯಾಬ್ ಎಂಬ ಮೋನೋಕ್ಲೋನಲ್‌ನ ಒಂದು ಡೋಸ್. ಅದರ ಹಿಡಿಯನ್ನು ಬೇಗ ಕರಗದಂತೆ ತಿದ್ದಿರುವುದರಿಂದ ಸುಮಾರು 5 ತಿಂಗಳು ಕಾಯುತ್ತದೆ. 1998ರಿಂದ ಇದ್ದ ಹಳೆಯ ಮೋನೋಕ್ಲೋನಲ್ ಪಾಲಿವಿಜುಮ್ಯಾಬ್ ಅನ್ನು ತಿಂಗಳಿಗೊಮ್ಮೆ ಹಾಕಬೇಕಿತ್ತು. ತಾಯಿಗೆ ಲಸಿಕೆ, ಮಗುವಿಗೆ ನಿರ್ಸೆವಿಮ್ಯಾಬ್, ಹೆಚ್ಚಿನ ಮಕ್ಕಳಿಗೆ ಈ ಎರಡರಲ್ಲಿ ಒಂದು ಸಾಕು. ತಿಂಗಳು ತುಂಬುವ ಮೊದಲೇ ಹೆರಿಗೆಯಾಗಬಹುದೆಂಬ ಅನುಮಾನವಿದ್ದರೆ ಮಗುವಿಗೆ ನೇರವಾಗಿ ಕೊಡುವುದರ ಮೇಲೆ ನನಗೆ ಹೆಚ್ಚು ನಂಬಿಕೆ.

ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಆಯ್ಕೆಯ ಮಾತೇ ಇಲ್ಲ. ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೋಗ್ಲಾಬ್ಯುಲಿನ್. ಹುಟ್ಟುವಾಗ ಈ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಸಿಗದ ಕಡೆ ಲಸಿಕೆಯನ್ನಾದರೂ ಮೊದಲ ದಿನವೇ ಹಾಕಿಸಿ. ಅದೊಂದೇ ಬಹುಪಾಲು ಮಕ್ಕಳನ್ನು ಉಳಿಸುತ್ತದೆ.

ಮೈಯೇ ತಯಾರಿಸದಿದ್ದರೆ

1952ರಲ್ಲಿ ಆಗ್ಡೆನ್ ಬ್ರೂಟನ್ ಎಂಬ ವೈದ್ಯ, ಪದೇ ಪದೇ ರಕ್ತದ ಸೋಂಕಿಗೆ ಬೀಳುತ್ತಿದ್ದ 8 ವರ್ಷದ ಹುಡುಗನ ರಕ್ತದಲ್ಲಿ ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಭಾಗವೇ ಇಲ್ಲದ್ದನ್ನು ಕಂಡರು. ಇಂಥವರಿಗೆ ಲಸಿಕೆ ಕಲಿಸಲು ವಿದ್ಯಾರ್ಥಿಯೇ ಇಲ್ಲ. ಬ್ರೂಟನ್ ತಿಂಗಳಿಗೊಮ್ಮೆ ಗ್ಲಾಬ್ಯುಲಿನ್ ಚುಚ್ಚತೊಡಗಿದರು, ಹುಡುಗ ಚೇತರಿಸಿಕೊಂಡ.

ಇಂದು ಇವರ ಮುಂದಿರುವ ಆಯ್ಕೆ ಬೇರೆ ಥರದ್ದು: ರಕ್ತನಾಳಕ್ಕೋ, ಚರ್ಮದಡಿಗೋ? ರಕ್ತನಾಳಕ್ಕಾದರೆ ಮೂರು-ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಕೆಲವು ಗಂಟೆ ಮಲಗಬೇಕು. ತಲೆನೋವು, ಚಳಿಜ್ವರ ಬರಬಹುದು. ಮುಂದಿನ ಡೋಸ್ ಹತ್ತಿರವಾಗುತ್ತಿದ್ದಂತೆ ಸುಸ್ತು ಎನ್ನುವವರೂ ಇದ್ದಾರೆ, ಏಕೆಂದರೆ ಪ್ರಮಾಣ ಇಳಿದಿರುತ್ತದೆ. ಚರ್ಮದಡಿಗಾದರೆ ಸಾಮಾನ್ಯವಾಗಿ ವಾರಕ್ಕೊಮ್ಮೆ, ಕಲಿತುಕೊಂಡು ಮನೆಯಲ್ಲೇ ಹಾಕಿಕೊಳ್ಳಬಹುದು. ರಕ್ತದಲ್ಲಿ ಪ್ರಮಾಣ ಏರಿಳಿಯದೆ ಇರುತ್ತದೆ, ಚುಚ್ಚಿದ ಜಾಗ ಒಂದಿಷ್ಟು ಊದುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ನಾನು ಎರಡನೆಯದನ್ನು ಹೇಳುತ್ತೇನೆ, ಸೂಜಿಗೆ ಹೆದರದ ಮನಸ್ಸು ಮನೆಯಲ್ಲಿ ಒಬ್ಬರಿಗಾದರೂ ಇದ್ದರೆ.

ರಕ್ತ ಪರೀಕ್ಷೆಗೆ ಹೋಗುವ ಮುನ್ನ

ಎರವಲು ಪಡೆದವರು ಒಂದು ವಿಷಯ ವೈದ್ಯರಿಗೆ ಹೇಳಲೇಬೇಕು. ಪ್ರತಿಕಾಯ ಪರೀಕ್ಷೆಗೆ ನಿಮ್ಮದು ಯಾವುದು, ದಾನಿಯದು ಯಾವುದು ಎಂದು ಗೊತ್ತಾಗುವುದಿಲ್ಲ. ಇಮ್ಯುನೋಗ್ಲಾಬ್ಯುಲಿನ್ ಪಡೆದ ಕೆಲವು ತಿಂಗಳು, ನಿಮಗೆ ಎಂದೂ ಬಾರದ ಸೋಂಕಿನ ಗುರುತೂ ರಕ್ತದಲ್ಲಿ ಕಾಣಬಹುದು. ಎಚ್‌ಐವಿ ಇರುವ ತಾಯಿಯ ಮಗುವಿನ ವಿಷಯದಲ್ಲಂತೂ ಇದು ಬಹಳ ಮುಖ್ಯ. 18 ತಿಂಗಳವರೆಗೆ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯ ಇರಬಹುದು, ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೂ ಮಗುವಿಗೆ ಸೋಂಕಿದೆ ಎಂದಲ್ಲ. ಆ ವಯಸ್ಸಿನಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಮೊದಲ ಚೀಟಿಯಲ್ಲಿ ಪಾಸಿಟಿವ್ ನೋಡಿ ಕುಸಿದು ಕೂತ ತಾಯಿಗೆ "ಇದು ನಿಮ್ಮ ಪ್ರತಿಕಾಯವಮ್ಮ, ಮಗುವಿನದಲ್ಲದೆ ಇರಬಹುದು, ಇನ್ನೊಂದು ಪರೀಕ್ಷೆಯಿದೆ" ಎಂದು ಅಲ್ಲೇ, ಆ ಕ್ಷಣವೇ ಹೇಳಬೇಕು.